ಕರಿ ಬೆಕ್ಕಿನ ಮೂಗು

ನನ್ನ ಅಕ್ಕ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವಿಜಯಪುರದ ಕಡೆಯಿಂದ ಈ ಊರಿಗೆ ಮೊದಲು ಬಂದವಳು ಅವಳೇ. ಅವಳ ಬೆನ್ನು ಹಿಡಿದು ಬಂದ ನಾನು ಒಬ್ಬ ಕಾಳುಕಡಿ ವ್ಯಾಪಾರಿಯ ಹತ್ತಿರ ಗುಮಾಸ್ತನಾದೆ. ಮದುವೆ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದ ಅಕ್ಕ ನಿವೃತ್ತಿಯಾಗುವವರೆಗೂ ತನ್ನ ಖೋಲಿಯಲ್ಲಿ ಒಬ್ಬಳೇ ಇದ್ದಳು. ಆಮೇಲೆ ನಾನು, ನನ್ನ ಹೆಂಡತಿ ಇಬ್ಬರೂ ಒತ್ತಾಯ ಮಾಡಿದ್ದಕ್ಕೆ ನಮ್ಮ ಮನೆಗೆ ಬಂದಳು. ಜೊತೆಗೆ ತಂದದ್ದು ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ, ಮತ್ತು ಶಾಲೆಯ ನೀರಿನ ಟಾಕಿಯ ಹಿಂದೆ ಸಿಕ್ಕಿದ ಒಂದು ಕರಿ ಬೆಕ್ಕಿನ ಮರಿ.

ಆ ಮರಿಗೆ ನಾವು ಹೆಸರಿಡಲಿಲ್ಲ. ಅಕ್ಕ ತನ್ನ ತರಗತಿಯ ಮಕ್ಕಳನ್ನು ಕರೆಯುವ ಹಾಗೆ ‘ಏ ಹುಡುಗಿ’ ಎನ್ನುತ್ತಿದ್ದಳು. ನಾವೂ ಅದನ್ನೇ ರೂಢಿ ಮಾಡಿಕೊಂಡೆವು. ನಮ್ಮದು ಮೂರನೆಯ ಮಹಡಿ. ಮನೆಯ ಹಿಂದೆ ಒಂದು ನಾಲೆ ಹರಿಯುತ್ತದೆ, ಅದರ ಆಚೆ ಹುಣಸೆ ಮರಗಳಿವೆ. ಸಂಜೆಯಾದರೆ ಹುಡುಗಿ ಬಾಲ್ಕನಿಯ ಕಟ್ಟೆಯ ಮೇಲೆ ಕೂತು ಬಾವಲಿಗಳನ್ನು ನೋಡುತ್ತಿದ್ದಳು. ಹೊಳೆಯುವ ಕಪ್ಪು ಮೈ, ಹಳದಿ ಕಣ್ಣು. ಕರಿ ಬೆಕ್ಕು ಅಪಶಕುನ ಎನ್ನುವವರೂ ನಮ್ಮ ಬಾಗಿಲು ತೆರೆದಿದ್ದರೆ ಒಮ್ಮೆ ಇಣುಕಿ ನೋಡಿ ಹೋಗುತ್ತಿದ್ದರು.

ಎರಡನೆಯ ಮಳೆಗಾಲದಲ್ಲಿ ಅವಳ ಮೂಗಿನ ಮೇಲೆ, ಕೂದಲು ತೆಳ್ಳಗಿರುವ ಜಾಗದಲ್ಲಿ, ಸಣ್ಣ ಗುಳ್ಳೆಗಳು ಎದ್ದವು. ನಂತರ ಕಿವಿಯ ತುದಿಯಲ್ಲಿ. ಹಿಂಗಾಲಿನಿಂದ ಕೆರೆದು ಕೆರೆದು ರಕ್ತ ಬರಿಸಿಕೊಂಡಳು. ಹಕ್ಕಳೆ ಕಟ್ಟುವಷ್ಟರಲ್ಲಿ ಮತ್ತೆ ಕೆರೆತ. ನಮ್ಮ ಓಣಿಯ ತುದಿಯಲ್ಲಿರುವ ಪ್ರಾಣಿಗಳ ದವಾಖಾನೆಗೆ ಒಯ್ದೆವು. ಡಾಕ್ಟರು ಮರಾಠಿ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ, ಮಾತು ಕಡಿಮೆ. ಒಂದು ಇಂಜೆಕ್ಷನ್ ಕೊಟ್ಟರು. ವಾರದೊಳಗೆ ಮೂಗಿನ ಗಾಯ ಮಾಯಿತು. ತಿಂಗಳೊಳಗೆ ಮತ್ತೆ ಬಂತು. ಮತ್ತೊಂದು ಇಂಜೆಕ್ಷನ್, ಮತ್ತೆ ಅದೇ ಕಥೆ. ಚಳಿಗಾಲದಲ್ಲಿ ತಾನಾಗಿಯೇ ನಿಂತಿತು. ಪೀಡೆ ಕಳೆಯಿತು ಎಂದುಕೊಂಡೆವು. ಮರುವರ್ಷ ಆಷಾಢದ ಯಾತ್ರೆಯ ಪಾಲಖಿಗಳು ಊರು ದಾಟಿ ಹೋದ ಮೇಲೆ ಮಳೆ ಹಿಡಿಯಿತು. ಅದರ ಹಿಂದೆಯೇ ಮೂಗಿನ ಗುಳ್ಳೆಗಳೂ ಬಂದವು.

ಈ ಸಲ ಡಾಕ್ಟರು ಸಿರಿಂಜು ಕೈಗೆತ್ತಿಕೊಳ್ಳುವ ಮೊದಲು ನಮ್ಮನ್ನು ಕೂರಿಸಿ ಮಾತಾಡಿದರು. ಇಂಜೆಕ್ಷನ್ ಕೊಡುತ್ತ ಹೋಗಬಹುದು, ಆದರೆ ಅದು ತುರಿಕೆಯನ್ನು ಅಡಗಿಸುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ವರ್ಷಾನುಗಟ್ಟಲೆ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಅಪಾಯವೂ ಇದೆ. ಕಾರಣ ಹುಡುಕುವುದಾದರೆ ಒಂದೊಂದೇ ಸಂಶಯವನ್ನು ತೆಗೆಯುತ್ತ ಹೋಗಬೇಕು, ತಿಂಗಳುಗಳು ಹಿಡಿಯುತ್ತವೆ. ಬಹಳ ಜನ ನಡುವೆಯೇ ಕೈಬಿಟ್ಟು ಇಂಜೆಕ್ಷನ್ ಕೊಡಿ ಎಂದು ಬರುತ್ತಾರೆ, ತಾನು ಅವರನ್ನು ದೂರುವುದಿಲ್ಲ ಎಂದರು.

ನಾನು ಇಂಜೆಕ್ಷನ್ನಿನ ಕಡೆಗೇ ಇದ್ದೆ. ಅಕ್ಕ ನನ್ನ ಮುಖ ಕೂಡ ನೋಡದೆ ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದಳು: ನಾನು ಕಾರಣ ಹುಡುಕುತ್ತೇನೆ, ನೀವು ದಾರಿ ಹೇಳಿ.

ಮೊದಲ ಸಂಶಯ ಚಿಗಟದ್ದು. ಅಕ್ಕ ಹೇನು ತೆಗೆಯುವ ಸೀರಣಿಗೆ ಕೊಂಡು ತಂದಳು. ಬಿಳಿ ಹಾಳೆಯ ಮೇಲೆ ಹುಡುಗಿಯನ್ನು ನಿಲ್ಲಿಸಿ ಬಾಚುವುದು, ಉದುರಿದ ಕಪ್ಪು ಕಣಗಳ ಮೇಲೆ ನೀರು ಚಿಮುಕಿಸುವುದು. ಚಿಗಟದ ಹಿಕ್ಕೆಯಾದರೆ ನೀರು ತಾಕಿದಾಗ ಕೆಂಪಾಗುತ್ತದಂತೆ, ಅದರಲ್ಲಿ ರಕ್ತ ಇರುವುದರಿಂದ. ಅವು ಕೆಂಪಾಗಲಿಲ್ಲ, ಬರೀ ಧೂಳು. ಆದರೂ ಡಾಕ್ಟರು ಹೇಳಿದಂತೆ ಬೆಕ್ಕಿನ ಚಿಗಟಕ್ಕೆಂದೇ ಇರುವ ಔಷಧಿಯನ್ನು ಕತ್ತಿನ ಹಿಂದೆ ಹಾಕುವುದನ್ನು ತಪ್ಪಿಸಲಿಲ್ಲ. ಎರಡನೆಯದು ಹುಳುಕಡ್ಡಿ. ಡಾಕ್ಟರು ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದು ನೋಡಿದರು, ಕೂದಲನ್ನು ಲ್ಯಾಬಿಗೆ ಕಳಿಸಿದರು. ಅದೂ ಅಲ್ಲ ಎಂದು ವರದಿ ಬಂತು.

ಮೂರನೆಯದು ಆಹಾರ. ನಮ್ಮದು ಶಾಕಾಹಾರಿ ಮನೆ. ಹುಡುಗಿಗೆ ಅಂಗಡಿಯ ಒಣ ತಿನಿಸಿನ ಜೊತೆಗೆ ಹಾಲು, ಮೊಸರು, ತುಪ್ಪ ಸವರಿದ ರೊಟ್ಟಿಯ ಚೂರು, ಎಲ್ಲ ನಡೆಯುತ್ತಿತ್ತು. ಈಗ ಡಾಕ್ಟರು ಕೊಟ್ಟ ಬೇರೆಯದೊಂದು ತಿನಿಸು ಮಾತ್ರ, ಎರಡು ತಿಂಗಳು, ಮೇಲೆ ನೀರು, ಮತ್ತೇನೂ ಇಲ್ಲ. ಯಾರಾದರೂ ಒಂದು ಬೆರಳು ಮೊಸರು ನೆಕ್ಕಿಸಿದರೂ ಮೊದಲಿನಿಂದ ಶುರು ಮಾಡಬೇಕು. ಹುಡುಗಿ ಊಟದ ಹೊತ್ತಿಗೆ ಅಕ್ಕನ ಎದುರು ಕೂತು ಒದರುತ್ತಿದ್ದಳು. ತಡೆಯಲಾಗದೆ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು ಉಣ್ಣತೊಡಗಿದಳು. ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಬಾಗಿಲಲ್ಲೇ ಎಚ್ಚರಿಕೆ ಕೊಡುತ್ತಿದ್ದಳು. ಕೆರೆದುಕೊಳ್ಳಬಾರದೆಂದು ದವಾಖಾನೆಯವರು ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿ ಗಟ್ಟಿಯಾಗಿತ್ತು. ಅಕ್ಕ ಅದರ ಅಳತೆಗೆ ಹಳೆಯ ರಜಾಯಿಯ ಬಟ್ಟೆಯಲ್ಲಿ ಮೆತ್ತನೆಯದೊಂದು ಹೊಲಿದಳು. ಅದನ್ನು ಹಾಕಿಕೊಂಡ ಹುಡುಗಿ ಸೂರ್ಯಕಾಂತಿ ಹೂವಿನ ಹಾಗೆ ಕಾಣುತ್ತಿದ್ದಳು.

ಎರಡು ತಿಂಗಳು ನಾವು ಒಂದು ಚೂರೂ ತಪ್ಪಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಎದೆ ಉಬ್ಬುತ್ತದೆ. ಆದರೆ ಮೂಗು ಮಾತ್ರ ಹಾಗೆಯೇ ಇತ್ತು.

ನನ್ನ ಹೆಂಡತಿಗೆ ಅಳುವೇ ಬಂತು. ಇಷ್ಟೆಲ್ಲ ಮಾಡಿ ಏನು ಸಿಕ್ಕ ಹಾಗಾಯಿತು ಎಂದಳು. ಅಕ್ಕ ಹುಡುಗಿಯ ಮೂಗಿಗೆ ಮುಲಾಮು ಹಚ್ಚುತ್ತಿದ್ದಳು.

“ಅಲ್ಲ ಅನ್ನೂದು ಗೊತ್ತಾತಲ್ಲ. ಅದೂ ಒಂದು ಉತ್ತರನ,” ಎಂದಳು. ಮುಲಾಮಿನ ಮುಚ್ಚಳ ತಿರುಗಿಸುತ್ತ ಮತ್ತೆ ಹೇಳಿದಳು, “ಇನ್ನೊಂದು ನೋಡಿದಿ ಏನು? ಕೊರಳಾಗ ಪಟ್ಟಿ ಅದ, ಕೆರಕೊಳ್ಳಿಕ್ಕೆ ಕಾಲು ಮುಟ್ಟಂಗಿಲ್ಲ. ಆದರೂ ಹೊಸಾ ಗುಳ್ಳಿ ಬರ್ಲಿಕ್ಕತ್ತಾವ. ಅಂದ್ರ ಗುಳ್ಳಿ ಮೊದಲು, ಕೆರತ ಆಮ್ಯಾಲೆ.”

ಅಷ್ಟರಲ್ಲಿ ಊರಿನಲ್ಲಿ ನನ್ನ ಹೆಂಡತಿಯ ತಮ್ಮನ ಹೊಸ ಮನೆಯ ವಾಸ್ತುಶಾಂತಿ ಬಂತು. ಮೂವರೂ ಹೋಗಲೇಬೇಕಿತ್ತು. ಅಕ್ಕನ ಜೊತೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಗೆಳತಿಯೊಬ್ಬರು ಪುಣೆಯ ಹತ್ತಿರದ ಸಾಸವಡದಲ್ಲಿ ಮನೆ ಕಟ್ಟಿಸಿಕೊಂಡು ಇದ್ದರು. ಹುಡುಗಿಯನ್ನೂ ಅವಳ ತಿನಿಸಿನ ಚೀಲವನ್ನೂ ಅವರಲ್ಲಿ ಬಿಟ್ಟು ಬಂದು, ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಹತ್ತಿದೆವು. ಇಂದಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅಕ್ಕ ಕೆಳಗಿಳಿಯದೆ ಸಾಸವಡಕ್ಕೆ ಫೋನು ಮಾಡಿದಳು. ಊರಲ್ಲಿದ್ದ ವಾರವೆಲ್ಲ ದಿನವೂ ಫೋನು. ಕೊನೆಕೊನೆಗೆ ಗೆಳತಿಯೇ ಹೇಳಿದರು, ಮೂಗಿನ ಹಕ್ಕಳೆ ಉದುರಿದೆ, ಹೊಸ ಗುಳ್ಳೆ ಒಂದೂ ಇಲ್ಲ ಎಂದು.

ನಾವು ಹಿಗ್ಗಿದೆವು. ಅಕ್ಕ ಹಿಗ್ಗಲಿಲ್ಲ. ನೆಲ ಯಾವುದರಿಂದ ಒರೆಸುತ್ತೀರಿ, ಊದುಬತ್ತಿ ಹಚ್ಚುತ್ತೀರಾ, ಎಲ್ಲಿ ಮಲಗುತ್ತಾಳೆ, ಹೊರಗೆ ಬಿಡುತ್ತೀರಾ ಎಂದು ಒಂದರ ಹಿಂದೆ ಒಂದು ಕೇಳಿದಳು. ಬೆಕ್ಕು ತಪ್ಪಿಸಿಕೊಂಡು ಹೋದೀತೆಂಬ ಭಯಕ್ಕೆ ಆಕೆ ಬಾಗಿಲು ಹಾಕಿಯೇ ಇಟ್ಟಿದ್ದರು, ಕಿಟಕಿಗಳಿಗೆಲ್ಲ ಜಾಳಿಗೆ ಇತ್ತು. ಇದೇನು, ನನ್ನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಗೆಳತಿ ನಕ್ಕರಂತೆ.

ಹುಡುಗಿಯನ್ನು ಮರಳಿ ಕರೆತಂದ ಕೆಲವೇ ದಿನಗಳಲ್ಲಿ ಮೂಗು ಮತ್ತೆ ಕೆಂಪಾಯಿತು. ಆಗ ಸಾಸವಡದ ಗೆಳತಿ ಒಂದು ಮಾತು ಹೇಳಿದರು: ಇಲ್ಲಿ ಚೆನ್ನಾಗಿರುತ್ತಾಳೆಂದರೆ ಇಲ್ಲೇ ಇರಲಿ, ನಾನು ಸಾಕುತ್ತೇನೆ. ಕೆಟ್ಟ ಮಾತಲ್ಲ. ನನ್ನ ಹೆಂಡತಿಯೂ ಮೆಲ್ಲಗೆ, ಹಾಗೆ ಮಾಡಿದರೆ ಅದಕ್ಕೇ ಸುಖ ಅಲ್ಲವೇ ಎಂದಳು. ಅಕ್ಕ ಆ ದಿನ ಸಂಜೆಯವರೆಗೂ ತೊಡೆಯ ಮೇಲೆ ಬೆಕ್ಕನ್ನು ಇಟ್ಟುಕೊಂಡು, ಅದರ ಬೆನ್ನ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಕಡೆಗೆ ನಮ್ಮಿಬ್ಬರನ್ನೂ ಕರೆದಳು.

“ಒಂದು ತಿಂಗಳು ಕೊಡ್ರಿ ನನಗ. ಆಗಲಿಲ್ಲ ಅಂದ್ರ ನಾನ ಸಾಸವಡಕ್ಕ ಬಿಟ್ಟು ಬರ್ತೀನಿ. ತಿನಿಸು ಅಲ್ಲೂ ಅದ, ಇಲ್ಲೂ ಅದ. ಮನಿ ಒಂದ ಬ್ಯಾರೆ. ಏನರ ಇದ್ದರ ಈ ಮನ್ಯಾಗ ಅದ.”

ಆ ತಿಂಗಳು ನಮ್ಮ ಮನೆ ಅವಳ ಪ್ರಯೋಗಶಾಲೆಯಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇದು ಅವಳು ಮಕ್ಕಳಿಗೆ ವರ್ಷವರ್ಷವೂ ಹೇಳಿದ ಪಾಠ. ಮೊದಲು ಫಿನೈಲು ನಿಂತಿತು. ಕಾದೆವು, ಏನೂ ಆಗಲಿಲ್ಲ. ಫಿನೈಲು ಮರಳಿ ಬಂತು, ಊದುಬತ್ತಿ, ಧೂಪ ನಿಂತವು. ಏನೂ ಆಗಲಿಲ್ಲ. ಆಮೇಲೆ ಹುಡುಗಿ ಮಲಗುವ ಕೌದಿ ಹೋಯಿತು. ನನಗೆ ಬೇಸರ ಬಂದಿತ್ತು. ಅವಳಿಗೆ ಬಂದಂತೆ ಕಾಣಲಿಲ್ಲ. ಅರವತ್ತು ದಾಟಿದ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಆ ಹೆಂಗಸು ಪ್ರತಿ ದಿನ ಬೆಳಗ್ಗೆ ಅದೇ ಉಮೇದಿನಿಂದ ಬೆಕ್ಕಿನ ಮೂಗು ನೋಡುತ್ತಿದ್ದಳು.

ಒಂದು ಸಂಜೆ ನಾನು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದೆ. ಬಾಲ್ಕನಿಯಿಂದ ಅಕ್ಕನ ತಗ್ಗಿದ ದನಿ ಕೇಳಿಸಿತು.

“ತಮ್ಮಾ, ಇಲ್ಲಿ ಬಾ. ಸಪ್ಪಳ ಮಾಡಬ್ಯಾಡ. ಆಕಿ ಮೂಗು ನೋಡು.”

ಹುಡುಗಿ ಕಟ್ಟೆಯ ಮೇಲೆ ಬಾವಲಿಗಳನ್ನು ನೋಡುತ್ತ ಕೂತಿದ್ದಳು. ಅಕ್ಕ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಓದುವ ಕನ್ನಡಕ ಏರಿಸಿಕೊಂಡು, ಕೈಯಲ್ಲಿ ಟಾರ್ಚು ಹಿಡಿದಿದ್ದಳು. ನಾನು ಬಗ್ಗಿ ನೋಡಿದೆ. ಮೂಗಿನ ಮೇಲೆ, ಕೂದಲು ತೆಳ್ಳಗಿರುವ ಆ ಜಾಗದಲ್ಲೇ, ಒಂದು ಸೊಳ್ಳೆ ಕೂತು ಹೀರುತ್ತಿತ್ತು. ಕಿವಿಯ ತುದಿಯಲ್ಲಿ ಇನ್ನೊಂದು. ಬೆಕ್ಕು ಕಿವಿ ಕೊಡವಿತು. ಹಾರಿದ ಸೊಳ್ಳೆ ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ಕೂತಿತು. ಮೈತುಂಬ ದಟ್ಟ ಕೂದಲು, ಅದಕ್ಕೆ ಬೇರೆಲ್ಲೂ ಕೂರಲು ಜಾಗವಿರಲಿಲ್ಲ. ಗುಳ್ಳೆಗಳಿದ್ದುದು ಎಲ್ಲೆಲ್ಲೋ ಅಲ್ಲ, ಸರಿಯಾಗಿ ಸೊಳ್ಳೆಗೆ ಚರ್ಮ ಸಿಗುವಲ್ಲಿ.

ಮೂರು ಸಂಜೆಯಿಂದ ತಾನು ಇದನ್ನೇ ನೋಡುತ್ತಿದ್ದೇನೆ ಎಂದಳು ಅಕ್ಕ. ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದೆ. ಒಂದು ಸಲ ನೋಡಿದ್ದನ್ನು ಹೇಳಿದರೆ ಅದು ಹೇಳಿಕೆ ಅಷ್ಟೇ, ಪುರಾವೆಯಲ್ಲ ಎಂದಳು.

ಮರುದಿನ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮಾತು ಕೇಳಿದರು. ಮಳೆಗಾಲಕ್ಕೆ ಬರುವುದು, ಚಳಿಗೆ ಹೋಗುವುದು, ಸಾಸವಡದಲ್ಲಿ ಜಾಳಿಗೆಯ ಒಳಗೆ ವಾಸಿಯಾದದ್ದು, ಗುಳ್ಳೆ ಏಳುವ ಜಾಗ, ಎಲ್ಲವನ್ನೂ ಅಕ್ಕ ಸಾವಕಾಶವಾಗಿ ಹೇಳಿದಳು. ಕೆಲವು ಬೆಕ್ಕುಗಳ ಮೈಗೆ ಸೊಳ್ಳೆ ಕಡಿತ ಒಗ್ಗುವುದಿಲ್ಲ, ಅಪರೂಪಕ್ಕೆ ಹೀಗಾಗುತ್ತದೆ ಎಂದರು ಡಾಕ್ಟರು. ತನಗೂ ಮೊದಲ ವರ್ಷವೇ ಆ ಯೋಚನೆ ಸುಳಿದಿತ್ತಂತೆ. ಬೆಕ್ಕು ಹೊರಗೆ ಹೋಗುತ್ತದೆಯೇ ಎಂದು ಕೇಳಿದ್ದರಂತೆ, ಇಲ್ಲ ಎಂದಿದ್ದೆವಂತೆ. ನಿಜ, ಹಾಗೆಯೇ ಹೇಳಿದ್ದೆವು. ಬಾಲ್ಕನಿ ಹೊರಗೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಆಮೇಲೆ ಅವರು ಗಂಭೀರವಾಗಿ ಒಂದು ಮಾತು ಹೇಳಿದರು. ಮನುಷ್ಯರು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮನ್ನಾಗಲಿ, ನಾಯಿಗೆ ಹಾಕುವ ಔಷಧಿಯನ್ನಾಗಲಿ ಬೆಕ್ಕಿಗೆ ಹಚ್ಚಲೇಬಾರದು, ಕೆಲವು ಜೀವಕ್ಕೇ ಎರವಾಗುತ್ತವೆ. ಜಾಳಿಗೆ ಒಂದೇ ಔಷಧಿ.

ಮನೆಯ ಕಿಟಕಿಗಳಿಗೂ ಬಾಲ್ಕನಿಗೂ ಸಣ್ಣ ಕಣ್ಣಿನ ಜಾಳಿಗೆ ಬಂತು. ಹುಡುಗಿ ಕಟ್ಟೆಯ ಮೇಲೆ ಮೊದಲಿನ ಹಾಗೆಯೇ ಕೂತಳು, ಬಾವಲಿಗಳನ್ನೂ ನೋಡಿದಳು. ಕೆಲವು ವಾರಗಳಲ್ಲಿ ಮೂಗಿನ ಮೇಲೆ ಕಪ್ಪು ಕೂದಲು ಮಖಮಲ್ಲಿನ ಹಾಗೆ ಹುಟ್ಟಿತು. ಹಾಲು, ಮೊಸರು ಬೆಕ್ಕಿಗೆ ಹೇಗೂ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಅವು ಮರಳಿ ಬರಲಿಲ್ಲ, ಆದರೆ ಅಡುಗೆಮನೆಯ ಬಾಗಿಲು ತೆರೆಯಿತು. ಅಕ್ಕ ಮತ್ತೆ ನಮ್ಮ ಜೊತೆ ಕೂತು ಉಂಡಳು.

ಕಾರಣ ಅದೇ ಎಂದು ನೂರಕ್ಕೆ ನೂರು ಖಾತ್ರಿಯಾಗಬೇಕಾದರೆ ನಾಲ್ಕು ಸಂಜೆ ಜಾಳಿಗೆ ತೆರೆದಿಟ್ಟು ನೋಡಬಹುದು ಎಂದು ಡಾಕ್ಟರು ಹೇಳಿದ್ದರು. ಪ್ರಯೋಗದ ವಿಷಯದಲ್ಲಿ ಅಕ್ಕ ಎಷ್ಟು ಕಟ್ಟುನಿಟ್ಟೆಂದು ಬಲ್ಲ ನಾನು, ತೆರೆಯುತ್ತಾಳೆ ಎಂದೇ ತಿಳಿದಿದ್ದೆ. ಕೇಳಿಯೂ ಬಿಟ್ಟೆ.

“ಸಾಲ್ಯಾಗ ಆಗಿದ್ದರ ತೆರೀತಿದ್ದೆ,” ಎಂದಳು. “ಇದು ಸಾಲಿ ಅಲ್ಲ, ಆಕಿ ಮೂಗು.”

ಮುಂದಿನ ಮಳೆಗಾಲ ಬಂತು, ಹೋಯಿತು. ಒಂದು ಗುಳ್ಳೆಯೂ ಏಳಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಡ ಎಂದರು ಡಾಕ್ಟರು. ಮೊದಲೆಲ್ಲ ಅಕ್ಕನನ್ನು ಅವರು ‘ಕಾಕೂ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಶಾಲೆಯಲ್ಲಿ ಕಲಿಸುತ್ತಿದ್ದಳೆಂದು ತಿಳಿದ ಮೇಲೆ ಮರಾಠಿ ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ‘ಬಾಯಿ’ ಎನ್ನತೊಡಗಿದ್ದರು. ಅವರೇ ಒಂದು ಭಾನುವಾರ ಅಕ್ಕನನ್ನು ಕರೆದರು. ದವಾಖಾನೆಯಲ್ಲಿ ಕೆಲಸ ಕಲಿಯಲು ಬಂದ ವಿದ್ಯಾರ್ಥಿಗಳಿದ್ದಾರೆ, ನೀವು ನೋಡಿದ್ದನ್ನು ನೀವೇ ಅವರಿಗೆ ಹೇಳಬೇಕು ಎಂದರು.

ಅಕ್ಕ ಇಳಕಲ್ಲ ಸೀರೆ ಉಟ್ಟು ಹೊರಟಳು. ನಾನೂ ನನ್ನ ಹೆಂಡತಿಯೂ ಹಿಂದೆ ಗೋಡೆಗೆ ಆತು ನಿಂತೆವು. ಅಕ್ಕನ ಮರಾಠಿ ಈಗಲೂ ನಮ್ಮೂರಿನ ಎಳೆತ ಬಿಟ್ಟಿಲ್ಲ. ಆದರೆ ಆ ಹುಡುಗ ಹುಡುಗಿಯರ ಎದುರು ನಿಂತ ಗಳಿಗೆಯೇ ಅವಳ ಬೆನ್ನು ನೆಟ್ಟಗಾಯಿತು, ದನಿ ಕೋಣೆಯ ಮೂಲೆ ಮುಟ್ಟಿತು. ಉತ್ತರವನ್ನು ಅವಳು ಹೇಳಲಿಲ್ಲ. ಗುಳ್ಳೆ ಎಲ್ಲಿತ್ತು, ಯಾವಾಗ ಬಂತು, ಎಲ್ಲಿಗೆ ಹೋದಾಗ ಹೋಯಿತು ಎಂದು ಹೇಳಿ, ಈಗ ನೀವು ಏನು ಕೇಳುತ್ತೀರಿ ಎಂದಳು. ಒಬ್ಬ ಚಿಗಟ ಎಂದ, ಒಬ್ಬಳು ಆಹಾರ ಎಂದಳು. ಅಲ್ಲ ಎಂಬುದಕ್ಕೆ ಏನು ಪುರಾವೆ ಎಂದು ಅವರಿಂದಲೇ ಹೇಳಿಸಿದಳು. ಹಿಂದಿನ ಸಾಲಿನ ಒಬ್ಬ ಹುಡುಗಿ ಬಹಳ ಹೊತ್ತು ಯೋಚಿಸಿ, ಸಂಜೆ ಹೊತ್ತು ಬೆಕ್ಕು ಎಲ್ಲಿ ಕೂರುತ್ತಿತ್ತು ಎಂದು ಕೇಳಿದಳು.

ಅಕ್ಕನ ಮುಖ ಅರಳಿದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಬಾಜೂ ನಿಂತಿದ್ದ ಗುರುತಿಲ್ಲದ ಗೃಹಸ್ಥರೊಬ್ಬರು, ನಾಯಿಯ ಹಗ್ಗ ಹಿಡಿದವರು, ಈ ಬಾಯಿ ಯಾವ ಕಾಲೇಜಿನ ಡಾಕ್ಟರು ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದರು. ಡಾಕ್ಟರಲ್ಲ, ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು ಎಂದೆ. ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. ನಮ್ಮ ಅಕ್ಕ ಎಂದೂ ಸೇರಿಸಿದೆ.