ಗುಮಾಸ್ತನ ಪಾತ್ರಕ್ಕೆ ಬೇಕಾದ ಕನ್ನಡ

ಮೈಸೂರಿನಲ್ಲಿ ಎಂ.ಎ. ಓದುವಾಗ ಹಳೆಯ ರಷ್ಯನ್ ಹಾಸ್ಯನಾಟಕಗಳ ಮೇಲೆ ಉದ್ದನೆಯ ಪ್ರಬಂಧ ಬರೆದು ಬೀಗಿದವಳು ನಾನು. ಆ ನಾಟಕಗಳ ನಗು ಮೇಲಿನವರನ್ನು ಕೆಳಗಿಳಿಸುತ್ತದೆ, ಸಮಾಜಕ್ಕೆ ಕನ್ನಡಿ ಹಿಡಿಯುತ್ತದೆ ಎಂದೆಲ್ಲ ಅದರಲ್ಲಿತ್ತು. ಕನ್ನಡಿ ಯಾರ ಕೈಯಲ್ಲಿದೆ ಎಂದು ನಾನೂ ಕೇಳಿಕೊಳ್ಳಲಿಲ್ಲ, ನನ್ನ ಗೈಡೂ ಕೇಳಲಿಲ್ಲ.

೨೦೦೪ರಲ್ಲಿ, ಲಾಸ್ ಏಂಜಲೀಸ್ ಕಡೆಯ ಕನ್ನಡದವರ ದೀಪಾವಳಿಗೆ ಅಂಥದೊಂದು ನಾಟಕವನ್ನು ಕನ್ನಡಕ್ಕೆ ತಂದೆ. ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯ ಗರಾಜಿನಲ್ಲಿ ರಿಹರ್ಸಲ್. ಅಧಿಕಾರಿಗಳ ಪಾತ್ರವೆಲ್ಲ ಬೆಂಗಳೂರಿನವರಿಗೆ. ಅವರ ಮುಂದೆ ಕೈಮುಗಿದು ನಡುಗುವ ಬಡ ಗುಮಾಸ್ತನನ್ನು ಧಾರವಾಡ ಕಡೆಯ ಗೆಳೆಯರೊಬ್ಬರಿಗೆ ಕೊಟ್ಟೆ. ಅವರಿಗೆ ಸ್ಯಾನ್ ಡಿಯೇಗೋದ ಟೊರ್ರಿ ಪೈನ್ಸ್ ಕಡೆಯ ಲ್ಯಾಬೊಂದರಲ್ಲಿ ಕೆಲಸ. ಪ್ರತಿ ಶನಿವಾರ ಅಲ್ಲಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಜೊತೆಗೆ ಏಳು ವರ್ಷದ ಮಗಳು. ನಮ್ಮ ಮಕ್ಕಳೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವಾಗ ಅವಳೊಬ್ಬಳು ಥೇಟ್ ಅಪ್ಪನ ಹಾಗೆ, "ಆಂಟಿ, ಆರಾಮ ಅದೀರಿ?" ಅನ್ನುತ್ತಿದ್ದಳು.

ಗುಮಾಸ್ತನ ಮಾತುಗಳನ್ನು ಅವರು ನಾನು ಬರೆದಂತೆಯೇ ಓದಿದರು. ನಾನು ತಡೆದೆ. "ಹೀಗಲ್ಲ, ನಿಮ್ಮ ಕಡೆ ಮಾತಲ್ಲೇ ಹೇಳಿ. ಜನ ಬಿದ್ದೂ ಬಿದ್ದೂ ನಗ್ತಾರೆ."

"ಇದ್ರಾಗ ನಗೂವಂಥಾದ್ದು ಏನೈತ್ರಿ? ಅವನ ನೌಕರಿ ಹೊಂಟೈತಿ, ಅಳಾಕತ್ತಾನ."

"ಅದೇ ಕಾಮಿಡಿ," ಎಂದೆ. ಎಂ.ಎ. ಮಾಡಿದವಳಲ್ಲವೇ ನಾನು! ಅವರು ಹಾಳೆ ತಿರುಗಿಸಿ ಮೊದಲಿನಿಂದ ತಮ್ಮ ಕಡೆ ಮಾತಲ್ಲೇ ಓದಿದರು.

ಹಬ್ಬದ ದಿನ ಅವರು ಮಂಡಿಯೂರಿ, "ಸಾಹೇಬ್ರ, ನೌಕರಿ ಕಸ್ಕೋಬ್ಯಾಡ್ರಿ, ಮನ್ಯಾಗ ಮಗಳದಾಳ," ಎಂದು ಅತ್ತದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧಿಕಾರಿಗಳ ಮಾತಿಗೆ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಮಕ್ಕಳು ಆ ಹುಡುಗಿಯ ಕಡೆ ತಿರುಗಿ ಅವಳಪ್ಪನ ಮಾತನ್ನು ಅಣಕಿಸತೊಡಗಿದರು. ಅವರಲ್ಲಿ ನನ್ನ ಮಗನೂ ಇದ್ದ. ಪರದೆಯ ಪಕ್ಕದಿಂದ ಎಲ್ಲ ಕಂಡೆ. ಕಂಡೂ ಚಪ್ಪಾಳೆಗೆ ಉಬ್ಬಿದೆ. ನಾಚಿಕೆಯಾಗಬೇಕಿತ್ತು. ಆಗ ಆಗಲಿಲ್ಲ.

ಎರಡು ತಿಂಗಳ ಮೇಲೆ ನಮ್ಮೂರ ಪಕ್ಕದ ವೆಸ್ಟ್ ಕೊವಿನಾದ ಇಂಡಿಯನ್ ಅಂಗಡಿಯೊಂದರಲ್ಲಿ ಅಪ್ಪ ಮಗಳು ಸಿಕ್ಕರು. "ಆರಾಮ ಅದೀಯೇನವ್ವಾ?" ಎಂದು ಅವಳದೇ ಮಾತಿನಲ್ಲಿ ಕೇಳಿದೆ. ಅವಳು ಅಪ್ಪನ ಹಿಂದೆ ಸರಿದು, "ಐ ಆಮ್ ಫೈನ್," ಎಂದಳು.

ಅವರು ಅವಳ ತಲೆ ಸವರಿದರು. ಆಮೇಲೆ ಒಂದೊಂದೇ ಪದ ಹೆಕ್ಕಿಕೊಂಡು, ಬೆಂಗಳೂರಿನವರ ಹಾಗೆ, "ನಾವು ಚೆನ್ನಾಗಿದೀವಿ. ನೀವು ಹೇಗಿದೀರಾ?" ಎಂದು ನನ್ನನ್ನು ಕೇಳಿದರು. ಎಲ್ಲಾದರೂ ತಪ್ಪುತ್ತಾರೇನೋ ಎಂದು ಮಗಳು ಅವರ ಬಾಯನ್ನೇ ನೋಡುತ್ತಿದ್ದಳು.