ಅವ್ವನ ಊಟ ಮುಗಿಯುವ ತನಕ

ಆ ಸೋಮವಾರ ಪೂಜೆ ಮುಗಿಸಿ, ಮೊರ ಹಿಡಿದು ಜೋಳ ಹಸನು ಮಾಡುತ್ತಾ ಕೂತಿದ್ದೆ. ಜಗಳೂರಿನಿಂದ ಅಣ್ಣನ ಪಕ್ಕದ ಮನೆಯವರ ಫೋನ್ ಬಂತು. ಶೇಂಗಾ ಮಾರಲು ದಾವಣಗೆರೆಗೆ ಹೋಗಿದ್ದ ಅಣ್ಣ ಎದೆನೋವೆಂದು ಕುಸಿದವನು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. "ಸಂಜಿಗೆ ಮಣ್ಣು ಐತ್ರೀ, ಬಂದ್ಬಿಡ್ರಿ" ಅಂದರು.

ನಮ್ಮ ಯಜಮಾನರು ಅಣ್ಣನನ್ನು ಊರಿಗೆ ತರಲೆಂದು ದಾವಣಗೆರೆಯಲ್ಲೇ ಇಳಿದು ಆಸ್ಪತ್ರೆಗೆ ಹೋದರು. ನಾನು ಜಗಳೂರು ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ದಾರಿಯುದ್ದಕ್ಕೂ ಮುಖ ಆಚೆ ಮಾಡಿಕೊಂಡು ಅಳುವುದಕ್ಕೆ ಆಯಿತು. ಅಷ್ಟಾದರೂ ಸಿಕ್ಕಿತೆಂದು ಶಿವನಿಗೆ ಕೈಮುಗಿದೆ.

ಮಣ್ಣಿಗೆ ಹೋಗುವವರು ನಮ್ಮ ಕಡೆ ಹೂ ಮುಡಿಯುವುದಿಲ್ಲ, ಕೈಯಲ್ಲಿ ಹಣ್ಣು ಹಿಡಿಯುವುದಿಲ್ಲ. ನಾನೂ ಹಾಗೇ ಹೋದೆ. ಮನೆ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಅತ್ತಿಗೆ ಹೊಸ್ತಿಲಲ್ಲೇ ನನ್ನನ್ನು ತಡೆದಳು. ಅವಳ ಹಣೆಯಲ್ಲಿ ಕುಂಕುಮ, ಕೈತುಂಬಾ ಬಳೆ, ಬೆರಳಿಗೆ ಅಂಟಿದ ರಾಗಿ ಹಿಟ್ಟು.

"ಹಿಂಗೆ ಬರಿಗೈಲಿ, ಬೋಳು ತಲೇಲಿ ಒಳಗೆ ಬಂದ್ರೆ ಅತ್ತೆಗೆ ಗೊತ್ತಾಗಂಗಿಲ್ವೇನವ್ವ?" ಅಂದಳು. "ಇನ್ನೂ ಹೇಳಿಲ್ಲ. ಸೂಜಿ ಮದ್ದು ತಾವೇ ಚುಚ್ಕಂಡು ಕೂತವ್ರೆ. ಮಾವ ಹೋದ ದಿನ ಹಿಂಗೇ ಚುಚ್ಕಂಡು, ಉಣ್ಣದೆ, ಮೂರ್ಛೆ ಬಿದ್ದಿದ್ದು ಮರ್ತ್ಯಾ? ಈಗ ಉಣ್ಲೇಬೇಕು. ಉಂಡ ಮ್ಯಾಲೆ ಹೇಳನ."

ಅವ್ವನಿಗೆ ಸಕ್ಕರೆ ಕಾಯಿಲೆ. ಕಿವಿಯೂ ಕೇಳುವುದಿಲ್ಲ. ಕಿವಿ ಹೋದಾಗಿನಿಂದ ಎದುರಿನವರ ಮುಖ ನೋಡಿಯೇ ಮಾತು ತಿಳಿಯುತ್ತಿದ್ದಳು. ಅಂಥವಳ ಮುಂದೆ ಏನೂ ಆಗದವರ ಮುಖ ಹೊತ್ತು ಕೂರಬೇಕಿತ್ತು ನಾವು.

ಅತ್ತಿಗೆ ದೇವರ ಮುಂದಿದ್ದ ಮಲ್ಲಿಗೆಯನ್ನು ನನ್ನ ಜಡೆಗೆ ಸಿಕ್ಕಿಸಿದಳು. ಬಾಳೆಹಣ್ಣು ಕೈಗಿಟ್ಟಳು. ಸೆರಗಿನಿಂದ ನನ್ನ ಕಣ್ಣೊರೆಸಿದಳು. ಕಟ್ಟೆಯಿಂದ ಹಿರಿಯ ಹೆಂಗಸೊಬ್ಬಳ ದನಿ ಬಂತು:

"ಗಂಡ ಹೆಣ ಆಗಿ ಬರ್ತಾ ಅವ್ನೆ, ಇವ್ಳು ಒಲೆ ಹಚ್ಚಿ ಮುದ್ದೆ ತಿರುವ್ತಾಳೆ. ನಾದಿನಿಗೆ ಹೂ ಬೇರೆ! ಮದ್ವೆ ಮನೆ ಅಂದ್ಕಂಡ್ಳೇನೋ."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅತ್ತಿಗೆ ತಿರುಗಿ, "ಅವ್ರಿನ್ನೂ ಈ ಹೊಸ್ತಿಲು ತುಳಿದಿಲ್ಲ ದೊಡ್ಡವ್ವ. ಅಲ್ಲಿ ತನ್ಕ ನನ್ನ ಒಲೆ ಉರಿತೈತೆ" ಅಂದಳು. ದನಿ ಏರಿಸಲಿಲ್ಲ.

ಒಳಗೆ ಅವ್ವ ತಟ್ಟೆ ಮುಂದೆ ಕೂತಿದ್ದಳು. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಏನವ್ವ, ಹೇಳ್ದೆ ಕೇಳ್ದೆ ಬಂದೆ? ಮನೇಲಿ ಜಗಳ ಮಾಡ್ಕಂಡ್ಯಾ?"

"ನಿನ್ನ ನೋಡಾಕೆ ಬಂದೆ ಕಣವ್ವ" ಅಂದೆ. ಹಣ್ಣನ್ನು ಪಕ್ಕದಲ್ಲಿಟ್ಟೆ. ನನ್ನ ತುಟಿ ನಕ್ಕಿತೋ ಇಲ್ಲವೋ ನನಗೆ ತಿಳಿಯದು.

"ಸಕ್ರೆ ಕಾಯಿಲೆಯವ್ಳಿಗೆ ಬಾಳೆಹಣ್ಣು ತಂದವ್ಳೆ ನೋಡು ಈ ದಡ್ಡಿ" ಎಂದು ಅವ್ವ ಅತ್ತಿಗೆಯತ್ತ ನೋಡಿದಳು. ಅತ್ತಿಗೆ ನಕ್ಕಳು. ನಿಜವಾಗಿಯೂ ಹಲ್ಲು ಕಾಣುವ ಹಾಗೆ ನಕ್ಕಳು.

"ನಿನ್ನ ಗಂಡ ಉಂಡ್ನಂತಾ?" ಎಂದು ಅವ್ವ ಅವಳನ್ನೇ ಕೇಳಿದಳು.

"ಉಂಡ್ರಂತೆ ಅತ್ತೆ. ನೀವು ಉಣ್ರಿ, ಸಾರು ಆರ್ತೈತೆ."

ಅವ್ವ ನಿಧಾನವಾಗಿ ಮುದ್ದೆ ಮುರಿದಳು. ಒಂದೊಂದು ತುತ್ತು ಗಂಟಲಲ್ಲಿ ಇಳಿಯುವುದನ್ನು ನಾವಿಬ್ಬರೂ ನೋಡುತ್ತಾ ಕೂತೆವು. ನಡುವೆ ಕೈ ನಿಲ್ಲಿಸಿ, ಈ ಸಲ ಶೇಂಗಾ ಜೊಳ್ಳಾಗಿದೆ, ಮಗನಿಗೆ ಬೆಲೆ ಸಿಗುತ್ತದೋ ಇಲ್ಲವೋ ಎಂದು ಮಾತಿಗೆ ತೊಡಗಿದಳು. ಅತ್ತಿಗೆ ಪ್ರತಿ ಮಾತಿಗೂ ತಲೆಯಾಡಿಸಿದಳು, ಇನ್ನಷ್ಟು ಸಾರು ಬಡಿಸಿದಳು. ಸೆರಗಿನ ಮರೆಯಲ್ಲಿ ಅವಳ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಉಗುರು ಚರ್ಮಕ್ಕೆ ಇಳಿದಿತ್ತು. ಮುಖದಲ್ಲಿ ಮಾತ್ರ ಏನೂ ಇಲ್ಲ.

ಅವ್ವ ಕೈತೊಳೆದಳು. ಮಜ್ಜಿಗೆ ಕುಡಿದಳು. ಆಮೇಲೆ ಅತ್ತಿಗೆ ಅವಳ ಮುಂದೆ ಮಂಡಿಯೂರಿ ಕೂತು, ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು.

ಅವ್ವ ಸೊಸೆಯ ಮುಖವನ್ನೇ ನೋಡಿದಳು. ಕೈ ಚಾಚಿ ಅವಳ ಕೆನ್ನೆ ಮುಟ್ಟಿದಳು.

"ಎಷ್ಟೊತ್ತಿಂದ ತಡ್ಕಂಡಿದ್ದೀಯೇ ನನ್ನವ್ವ? ಸಾಕು. ಅಳು."

ಆಗ ಅತ್ತಿಗೆಯ ಬಾಯಿಂದ ಬಂದ ದನಿಯನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಒಳಗೆ ಓಡಿಬಂದರು. ದೊಡ್ಡವ್ವ ಎಂದು ಕರೆಸಿಕೊಂಡಾಕೆಯೇ ಮೊದಲು ಬಂದು ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಯಾರೂ ಒಲೆಯ ಮಾತು ಎತ್ತಲಿಲ್ಲ.

ಅವ್ವ ಅಂದು ಅತ್ತಳು, ಬಳಲಿದಳು, ಆದರೆ ಮೂರ್ಛೆ ಬೀಳಲಿಲ್ಲ. ಶಿವ ಅಷ್ಟನ್ನಾದರೂ ಉಳಿಸಿಕೊಟ್ಟ.

ನಾನು ಜಡೆಯಿಂದ ಹೂ ತೆಗೆದಿಟ್ಟೆ. ಒಲೆ ಆರಿಸಿದೆ. ಗಾಡಿ ಊರು ಮುಟ್ಟಿತೆಂದು ಯಾರೋ ಕೂಗಿದರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ; ಅಣ್ಣನನ್ನು ಕೂರಿಸುವುದಕ್ಕೆ ಜಾಗ ಆಗಬೇಕಿತ್ತು. ಪೊರಕೆ ತೆಗೆದುಕೊಂಡು ಪಡಸಾಲೆ ಗುಡಿಸತೊಡಗಿದೆ.