ಒಂದು ದಿನ ಮೊದಲೇ ಬಂದ ನೀರು

ಅಣ್ಣಿಗೇರಿಯ ನಮ್ಮ ಓಣಿಗೆ ನಲ್ಲಿ ನೀರು ಬಿಟ್ಟ ಕೂಡಲೇ ಎಲ್ಲರ ಮೊಬೈಲಿಗೆ ತಿಳಿಸುವ ಆ್ಯಪ್ ಬರೆದಿದ್ದೆ. ಸಂದೇಶ ಕಳಿಸಲು ಹೊರಗಿನ ಒಂದು ಸೇವೆಯನ್ನು ಜೋಡಿಸಿದೆ. ನನ್ನೊಬ್ಬನ ಫೋನಿಗೆ ಕಳಿಸಿ ನೋಡಲು ಹೋಗಿ ಇಡೀ ಓಣಿಗೆ ‘ನೀರು ಬಂದಿದೆ’ ಎಂದು ಕಳಿಸಿಬಿಟ್ಟೆ. ಐದು ನಿಮಿಷದಲ್ಲಿ ಎಲ್ಲರೂ ಕೊಡ ತೊಳೆದು ನಿಂತರು. ನೀರು ಬಿಡುವ ಹುಸೇನ್ ಕಾಕಾಗೆ ಫೋನ್ ಮಾಡಿದೆ.

“ಕಾಕಾ, ತಪ್ಪಾತು. ನಮ್ಮ ಓಣಿ ಪಾಳಿ ನಾಳೆ ಐತಿ ಅಂತ ಈಗ ಹೇಳಿಬಿಡ್ಲೇನ್ರಿ?”

“ಹೇಳಬ್ಯಾಡ ಲೇ. ಇವತ್ತ ಬರಿಗೊಡ ಒಯ್ದ್ರ ನಾಳೆ ನಿನ್ನ ಆ್ಯಪ್ ಯಾರ್ ನೋಡ್ತಾರ? ನಾಳಿನ ನೀರು ಈಗ ಬಿಡ್ತೀನಿ, ಬಾಯಿ ಮುಚ್ಚಿ ಕೂಡು.”

ಬಿಟ್ಟರು.

ಆ ಸೇವೆ ಹೇಗಿದೆ ಎಂದು ಸಹೋದ್ಯೋಗಿಗಳು ಕೇಳಿದರೆ ಚೆನ್ನಾಗಿದೆ ಎನ್ನುತ್ತೇನೆ. ಅದರ ಜೊತೆಗೆ ಇಂಥ ಕಾಕಾ ಒಬ್ಬರು ಬೇಕೆಂದು ಮಾತ್ರ ಕೈಪಿಡಿಯಲ್ಲಿ ಬರೆದಿಲ್ಲ.